ಕ್ಲಿನಿಕ್ ಬಾಗಿಲು ನಾಲ್ಕೂವರೆಗೆ, ಫ್ಯಾಕ್ಟರಿ ಬಿಡುವುದು ಐದೂವರೆಗೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನ ಹೆಗ್ಗನಹಳ್ಳಿ ಕಡೆಯ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಫಾರ್ಮಸಿಸ್ಟ್. ತುಮಕೂರಿನಲ್ಲಿ ಡಿ.ಫಾರ್ಮ ಮುಗಿಸಿ ಬಂದವನು ಒಂದೇ ಕೌಂಟರಿನ ಹಿಂದೆ 14 ವರ್ಷ ಕಳೆದಿದ್ದೇನೆ. ಈ ಪತ್ರ ಬರೆಯುವಂತೆ ಮಾಡಿದ್ದು ಒಬ್ಬ ಅಕ್ಕನ ಕಾಲ್ಬೆರಳು. ಅದರ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನಮ್ಮ ಅಂಗಡಿಯ ಸಂಜೆ ಹೇಗಿರುತ್ತದೆ ಎಂಬುದು ತಮಗೆ ಗೊತ್ತಾಗಬೇಕು.

ಹಗಲು ಹೊತ್ತು ನಮ್ಮಲ್ಲಿ ವ್ಯಾಪಾರ ಅಷ್ಟಕ್ಕಷ್ಟೆ. ಐದೂವರೆ ದಾಟಿ ಪೀಣ್ಯದ ಫ್ಯಾಕ್ಟರಿಗಳು ಬಿಟ್ಟ ಮೇಲೆ ಜನ ಬರತೊಡಗುತ್ತಾರೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಊಟದ ಬ್ಯಾಗು ಹೆಗಲಿಗೆ ಹಾಕಿಕೊಂಡು, ತಳ್ಳುಗಾಡಿಯಲ್ಲಿ ಒಂದು ಕಟ್ಟು ಸೊಪ್ಪು ತೆಗೆದುಕೊಂಡು, ನಮ್ಮ ಅಂಗಡಿ ಮುಂದೆ ನಿಲ್ಲುತ್ತಾರೆ. ಅವರ ಬೆನ್ನಿಗೇ ಲೇತ್ ಕೆಲಸದ, ಪೌಡರ್ ಕೋಟಿಂಗ್ ಕೆಲಸದ ಹುಡುಗರು. ಎಂಟರ ನಂತರ ಆಟೊ ಓಡಿಸುವವರು, ಸೆಕ್ಯುರಿಟಿ ಗಾರ್ಡುಗಳು, ನಾಲ್ಕೈದು ಮನೆಯ ಪಾತ್ರೆ ತೊಳೆದು ಮುಗಿಸಿದ ಅಮ್ಮಂದಿರು. "ಅಣ್ಣಾ, ಜ್ವರಕ್ಕೆ ಒಂದು ಸೆಟ್ ಕೊಡಿ." "ಸೊಂಟ ಹಿಡ್ಕೊಂಡಿದೆ, ನಾಳೆ ರಜ ಹಾಕೋಕಾಗಲ್ಲ, ಏನಾದ್ರೂ ಕೊಡಿ." "ಶುಗರ್ ಮಾತ್ರೆ ನಾಲ್ಕು ದಿನಕ್ಕೆ ಸಾಕು, ಸಂಬಳ ಆದ್ಮೇಲೆ ಪೂರ್ತಿ ತಗೋತೀನಿ."

ಹೀಗೆ ನಾಲ್ಕು ದಿನಕ್ಕೆ, ಎರಡು ದಿನಕ್ಕೆ ಎಂದು ಕೇಳುವವರಿಗಾಗಿ ನನ್ನ ಗಲ್ಲಾದ ಪಕ್ಕ ಒಂದು ಕತ್ತರಿ ಸದಾ ಇರುತ್ತದೆ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ತಾರೀಕು ಅಚ್ಚಾಗಿರುವ ತುದಿಯನ್ನು ಅಂಗಡಿಯಲ್ಲೇ ಉಳಿಸಿಕೊಳ್ಳಬೇಕು, ಕೊನೆಯ ಮಾತ್ರೆ ಮಾರುವವರೆಗೂ ತಾರೀಕು ನಮಗೆ ಕಾಣಬೇಕಲ್ಲ. ಹಾಗಾಗಿ ಕೊಂಡವರ ಕೈಗೆ ಹೋಗುವುದು ಹೆಸರೂ ಇಲ್ಲದ, ತಾರೀಕೂ ಇಲ್ಲದ ಎರಡು ಮಾತ್ರೆಯ ತುಂಡು. ನಾನು ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ಬರೆದುಕೊಡುತ್ತೇನೆ: ಊಟದ ಮುಂಚೆ, ಬೆಳಿಗ್ಗೆ 1, ರಾತ್ರಿ 1. ಓದು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡುತ್ತೇನೆ.

ಡಾಕ್ಟರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡಬಾರದು ಎಂಬುದು ನನಗೆ ಗೊತ್ತು. 2014ರ ಮಾರ್ಚಿನಿಂದ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿಗಳಿಗೆ (ಹಲವು ಆಂಟಿಬಯಾಟಿಕ್‌ಗಳೂ ಆ ಪಟ್ಟಿಯಲ್ಲಿವೆ) ಬೇರೆ ರಿಜಿಸ್ಟರೇ ಇಡಬೇಕು, ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು ಅದರಲ್ಲಿರಬೇಕು, ಮೂರು ವರ್ಷ ಕಾಪಾಡಬೇಕು. ಆ ರಿಜಿಸ್ಟರ್ ಇಟ್ಟಿದ್ದೇನೆ. ಚೀಟಿ ಇಲ್ಲ ಎಂದು ಎಷ್ಟೋ ಜನರನ್ನು ವಾಪಸ್ ಕಳಿಸಿದ್ದೇನೆ. ಕಳಿಸದೆ ಇದ್ದದ್ದೂ ಉಂಟು. ಮಗು ಎರಡು ದಿನದಿಂದ ಕೆಮ್ಮುತ್ತಿದೆ ಎಂದು ರಾತ್ರಿ ಒಂಬತ್ತಕ್ಕೆ ತಾಯಿಯೊಬ್ಬಳು ಬಂದು ನಿಂತಾಗ "ನಾಳೆ ಕ್ಲಿನಿಕ್‌ಗೆ ಹೋಗಿ" ಎಂದರೆ, "ನಾಳೆ ಹೋದರೆ ಸಂಬಳ ಕಟ್" ಎನ್ನುತ್ತಾಳೆ. ನಾನು ಮಾಡಿದ್ದು ತಪ್ಪೇ. ಆದರೆ ಈ ತಪ್ಪು ದಿನಾ ಸಂಜೆ ಈ ನಗರದ ನೂರಾರು ಕೌಂಟರುಗಳಲ್ಲಿ ಯಾಕೆ ನಡೆಯುತ್ತಿದೆ ಎಂದು ತಾವು ಕೇಳಿಕೊಳ್ಳಬೇಕು. ಅರ್ಧಕ್ಕೆ ನಿಲ್ಲಿಸಿದ ಆಂಟಿಬಯಾಟಿಕ್ ಆ ಮನುಷ್ಯನಿಗಷ್ಟೇ ಕೆಡುಕಲ್ಲ. ಔಷಧಿಗೆ ಬಗ್ಗದ ರೋಗಾಣು ಅವನಿಂದ ಮನೆಮಂದಿಗೆ, ಮನೆಯಿಂದ ಬೀದಿಗೆ ಹರಡುತ್ತದೆ.

ಈಗ ಆ ಅಕ್ಕನ ವಿಷಯ.

ಅವರಿಗೆ 45ರ ಆಸುಪಾಸು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಆರು ವರ್ಷದಿಂದ ಶುಗರ್ ಇದೆ. ನಮ್ಮ ಅಂಗಡಿಗೆ ಬರುವಾಗಲೆಲ್ಲ ಒಂದು ಚೀಟಿ ತರುತ್ತಾರೆ. ಮಡಿಚಿ ಮಡಿಚಿ ಹರಿಯುತ್ತದೆಂದು ಅದನ್ನು ಲ್ಯಾಮಿನೇಷನ್ ಮಾಡಿಸಿದ್ದಾರೆ. ಮೇಲಿರುವ ತಾರೀಕು 2019ರದ್ದು. ಆಗ ಯಾರೋ ಡಾಕ್ಟರು ಬರೆದುಕೊಟ್ಟ ಅದೇ ಮಾತ್ರೆ, ಅದೇ ಡೋಸು, ಇವತ್ತಿಗೂ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದೆ. "ಒಂದ್ಸಲ ಮಾಡ್ಸಿದ್ದೆ ಅಣ್ಣಾ, ಮಗಳು ಎಸ್ಸೆಸ್ಸೆಲ್ಸಿ ಇದ್ದಾಗ" ಎಂದರು. ಮಗಳು ಈಗ ಪಿಯುಸಿ ಎರಡನೇ ವರ್ಷ.

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಚಪ್ಪಲಿ ಕೊಂಡಿದ್ದರು. ಹೆಬ್ಬೆರಳು, ಪಕ್ಕದ ಬೆರಳಿನ ನಡುವೆ ಪಟ್ಟಿ ಉಜ್ಜಿ ಗಾಯವಾಯಿತು. ಬಲಗಾಲು, ದಿನವಿಡೀ ಮಿಷನ್ನಿನ ಪೆಡಲ್ ಒತ್ತುವ ಕಾಲು. ಶುಗರ್ ಬಹಳ ದಿನ ಹಿಡಿತದಲ್ಲಿ ಇಲ್ಲದಿದ್ದರೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ಬೇರೆಯವರು ಒಂದು ದಿನಕ್ಕೇ ಕುಂಟುವಂಥ ಗಾಯ ಇವರಿಗೆ ಗೊತ್ತೇ ಆಗುವುದಿಲ್ಲ. ಕಾಲ್ಚೀಲಕ್ಕೆ ಕಲೆ ಅಂಟಿದ ಮೇಲೇ ಅವರು ನೋಡಿಕೊಂಡದ್ದು. ನನ್ನ ಹತ್ತಿರ ಬಂದು ಮುಲಾಮು ಕೇಳಿದರು. ನಾನು ಕಾಲು ನೋಡಿ, ಇದು ಮುಲಾಮಿನ ಕೆಲಸ ಅಲ್ಲ, ನಾಳೆಯೇ ಡಾಕ್ಟರಿಗೆ ತೋರಿಸಿ ಎಂದೆ.

ತೋರಿಸಿದರು. ತೋರಿಸಲಿಲ್ಲ ಎಂದು ಯಾರೂ ಹೇಳಬಾರದು, ಅದಕ್ಕೇ ದಿನದ ಲೆಕ್ಕ ಬರೆಯುತ್ತಿದ್ದೇನೆ. ಮೊದಲ ದಿನ ರಜೆ ಹಾಕಿ ಇಎಸ್‌ಐ (ಕಾರ್ಮಿಕರ ವಿಮೆ) ಡಿಸ್ಪೆನ್ಸರಿ: ಡ್ರೆಸ್ಸಿಂಗ್ ಮಾಡಿ, ದೊಡ್ಡ ಆಸ್ಪತ್ರೆಗೆ ಪತ್ರ ಕೊಟ್ಟರು. ಎರಡನೇ ದಿನ ದೊಡ್ಡ ಆಸ್ಪತ್ರೆ: ಚೀಟಿಗೆ ಒಂದು ಕ್ಯೂ, ಡಾಕ್ಟರಿಗೆ ಒಂದು ಕ್ಯೂ, ಕೊನೆಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಬೇಕು, ನಾಳೆ ಬನ್ನಿ. ಮೂರನೇ ದಿನ ರಕ್ತ ಕೊಟ್ಟರು, ರಿಪೋರ್ಟಿಗೆ ನಾಳೆ ಬನ್ನಿ. ಯಾರೂ ಅವರನ್ನು ಬೈಯಲಿಲ್ಲ, ಯಾರೂ ದುಡ್ಡು ಕೇಳಲಿಲ್ಲ. ಅಲ್ಲಿನ ಡಾಕ್ಟರು ಕಾಳಜಿಯಿಂದಲೇ ಮಾತಾಡಿದರಂತೆ. ಆದರೆ ಫ್ಯಾಕ್ಟರಿಯಲ್ಲಿ ಶಿಪ್‌ಮೆಂಟ್ ಇತ್ತು. ಮೂರು ದಿನದ ಸಂಬಳ ಹೋಗಿತ್ತು, ಅಟೆಂಡೆನ್ಸ್ ಬೋನಸ್ ಮೊದಲ ದಿನವೇ ಹೋಗಿತ್ತು. ನಾಲ್ಕನೇ ದಿನ ರಜೆ ಕೇಳಿದಾಗ ಸೂಪರ್‌ವೈಸರ್ ಹೇಳಿದ ಮಾತನ್ನು ಅಕ್ಕ ನನಗೆ ಹೇಳಲಿಲ್ಲ. "ಬಿಡಿ ಅಣ್ಣಾ" ಎಂದಷ್ಟೇ ಅಂದರು. ರಿಪೋರ್ಟು ಆಸ್ಪತ್ರೆಯಲ್ಲೇ ಉಳಿಯಿತು.

ಅವರ ಚೀಟಿಯಲ್ಲಿ ಡಾಕ್ಟರು ಬರೆದಿದ್ದದ್ದು ಎರಡೇ ಪದ: ದಿನವೂ ಡ್ರೆಸ್ಸಿಂಗ್.

ದಿನವೂ ಡ್ರೆಸ್ಸಿಂಗ್ ಎಂದರೆ ಹತ್ತು ನಿಮಿಷದ ಕೆಲಸ, ಸಚಿವರೇ. ಗಾಯ ತೊಳೆದು, ಒರೆಸಿ, ಔಷಧಿ ಹಾಕಿ, ಗಾಜ್ ಕಟ್ಟಿ, ಕೆಂಪು ಮೇಲೇರಿದೆಯಾ ಎಂದು ನೋಡಬಲ್ಲ ಒಬ್ಬ ನರ್ಸ್ ಸಾಕು. ಅಂಥ ನರ್ಸ್ ಇರಲಿ ಎಂದೇ ಸರ್ಕಾರ 'ನಮ್ಮ ಕ್ಲಿನಿಕ್' ಎಂಬ ಹೆಸರಿನ ಸಣ್ಣ ಆಸ್ಪತ್ರೆಗಳನ್ನು ತೆರೆದದ್ದು. 2022ರ ಡಿಸೆಂಬರಿನಲ್ಲಿ ಯೋಜನೆ ಶುರುವಾದಾಗ ರಾಜ್ಯಕ್ಕೆ 438 ಕ್ಲಿನಿಕ್, ಅದರಲ್ಲಿ ಬೆಂಗಳೂರಿಗೇ ವಾರ್ಡಿಗೊಂದರಂತೆ 243 ಎಂದರು. ಒಬ್ಬ ಡಾಕ್ಟರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಡಿ ಗ್ರೂಪ್ ಸಿಬ್ಬಂದಿ, 14 ಬಗೆಯ ಪರೀಕ್ಷೆ ಉಚಿತ. ಒಳ್ಳೆಯ ಯೋಜನೆ. ಹಗಲು ಮನೆಯಲ್ಲಿರುವ ಅಜ್ಜ ಅಜ್ಜಿಯರಿಗೆ, ಬಾಣಂತಿಯರಿಗೆ ಇದರಿಂದ ಅನುಕೂಲವಾಗಿರುವುದನ್ನು ನಾನೇ ಕಂಡಿದ್ದೇನೆ, ನಮ್ಮ ಅಂಗಡಿಯಲ್ಲಿ ಬಿಪಿ ಮಾತ್ರೆ ಕೊಳ್ಳುತ್ತಿದ್ದ ಕೆಲವರು ಈಗ ಅಲ್ಲೇ ತೆಗೆದುಕೊಳ್ಳುತ್ತಾರೆ. ಆದರೆ ಅದಕ್ಕೆ ಇಟ್ಟ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ಅಕ್ಕ ಮಿಷನ್ ಮುಂದೆ ಕೂರುವುದು 9ಕ್ಕೆ, ಏಳುವುದು 5.30ಕ್ಕೆ. ಅವರು ಬಸ್ಸಿಳಿದು ಬರುವ ಹೊತ್ತಿಗೆ ಕ್ಲಿನಿಕ್ಕಿಗೆ ಬೀಗ ಬಿದ್ದು ಎರಡು ಗಂಟೆ ಆಗಿರುತ್ತದೆ.

ಹೀಗಾಗಿ ಡ್ರೆಸ್ಸಿಂಗ್ ಮಗಳ ಪಾಲಿಗೆ ಬಂತು. ನಾನು ಗಾಜ್, ಹತ್ತಿ, ಅಯೋಡಿನ್ ಬಾಟಲಿ ಕೊಟ್ಟು, ಹೇಗೆ ತೊಳೆಯಬೇಕು ಎಂದು ಹೇಳಿಕೊಟ್ಟೆ. ಆ ಹುಡುಗಿ ಪರೀಕ್ಷೆಗೆ ಓದುತ್ತಾ ದಿನಾ ರಾತ್ರಿ ಅಮ್ಮನ ಕಾಲು ತೊಳೆದಳು. ಸುಮಾರು ಮೂರು ವಾರ. ಒಂದು ದಿನ ಅವಳೊಬ್ಬಳೇ ಬಂದು, "ಅಂಕಲ್, ವಾಸನೆ ಬರ್ತಿದೆ, ಬೆರಳು ಕಪ್ಪಾಗಿದೆ" ಎಂದಳು. ನಾನು ಅಂಗಡಿ ಹುಡುಗನಿಗೆ ಒಪ್ಪಿಸಿ ಅವರ ಮನೆಗೆ ಹೋಗಿ, ಆಟೊ ಹತ್ತಿಸಿದೆ. ಬೆರಳು ತೆಗೆಯಬೇಕಾಯಿತು. ಸೋಂಕು ಮೂಳೆಗೆ ಇಳಿದಿತ್ತು.

ಆ ಆಪರೇಷನ್ನಿಗೆ ಅಕ್ಕ ಒಂದು ರೂಪಾಯಿ ಕೊಡಲಿಲ್ಲ. ಇಎಸ್‌ಐ ಎಲ್ಲವನ್ನೂ ಭರಿಸಿತು. ಆರು ವಾರ ಮನೆಯಲ್ಲಿದ್ದರು, ಅದಕ್ಕೂ ಸಂಬಳದ ಶೇ 70ರಷ್ಟು ಸಿಕ್‌ನೆಸ್ ಬೆನಿಫಿಟ್ ಬಂತು. ವರ್ಷಕ್ಕೆ 91 ದಿನದವರೆಗೆ ಕೊಡುತ್ತಾರೆ. ನಾನು ಇದನ್ನು ಕೃತಜ್ಞತೆಯಿಂದಲೇ ಬರೆಯುತ್ತಿದ್ದೇನೆ. 1948ರ ಕಾಯ್ದೆಯಿಂದ ಬಂದ ಈ ವಿಮೆ ಇಲ್ಲದಿದ್ದರೆ ಆ ಮನೆ ಸಾಲದಲ್ಲಿ ಮುಳುಗಿಹೋಗುತ್ತಿತ್ತು. ಆದರೆ ಅದೇ ವಿಮೆಯಲ್ಲಿ ಒಂದು ನಿಯಮವಿದೆ: ಕಾಯಿಲೆಯ ಮೊದಲ ಎರಡು ದಿನಕ್ಕೆ ಈ ಹಣ ಇಲ್ಲ. ಹದಿನೈದು ದಿನದೊಳಗೆ ಮತ್ತೆ ಕಾಯಿಲೆ ಬಿದ್ದರೆ ಮಾತ್ರ ಆ ಎರಡು ದಿನದ ವಿನಾಯಿತಿ. ಗಾಯ ಇನ್ನೂ ಗಾಯವಾಗಿಯೇ ಇದ್ದಾಗ, ಒಂದು ದಿನ ಹೋಗಿ ತೋರಿಸಿಕೊಂಡು ಬರುವವರಿಗೆ ಏನೂ ಸಿಗದು. ಬೆರಳು ಕತ್ತರಿಸಿ ಮಲಗಿದರೆ ಸಿಗುತ್ತದೆ. ಅಕ್ಕನ ಸಂಬಳ ಸುಮಾರು 13,000. ತಿಂಗಳು ತಿಂಗಳು ಅದರಲ್ಲಿ ಶೇ 0.75, ಅಂದರೆ 98 ರೂಪಾಯಿ, ಇಎಸ್‌ಐಗೆ ಹೋಗುತ್ತದೆ. ಮಾಲೀಕರು ಶೇ 3.25 ಕಟ್ಟುತ್ತಾರೆ. 2019ರ ಜುಲೈಗೆ ಮುಂಚೆ ಕಾರ್ಮಿಕರ ಪಾಲೇ ಶೇ 1.75 ಇತ್ತು. ಇಷ್ಟು ವರ್ಷ ಕಟ್ಟಿದ ದುಡ್ಡಿಗೆ ಆ ಮೂರು ವಾರ ಅವರಿಗೆ ಬೇಕಾಗಿದ್ದದ್ದು ಸಂಜೆ ಏಳು ಗಂಟೆಗೆ ಹತ್ತು ನಿಮಿಷ.

ಇದನ್ನು ನಾನು ಹೊಸದಾಗಿ ಕೇಳುತ್ತಿಲ್ಲ. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ 2013ರಲ್ಲಿ ಶುರುವಾದಾಗಲೇ ಅದರ ಮಾರ್ಗಸೂಚಿಯಲ್ಲಿ, 50,000 ಜನಕ್ಕೊಂದು ನಗರ ಆರೋಗ್ಯ ಕೇಂದ್ರ ಇರಬೇಕು, ಅದರ ಸಮಯ ಸಾಧ್ಯವಾದಷ್ಟೂ ಮಧ್ಯಾಹ್ನ 12ರಿಂದ ರಾತ್ರಿ 8 ಇರಬೇಕು ಎಂದು ಬರೆದಿದ್ದರು. ಕೊಳೆಗೇರಿಯಲ್ಲಿ, ವಠಾರದಲ್ಲಿ ಇರುವವರು ದುಡಿಯುವವರು, ಅವರು ಮನೆಗೆ ಬಂದ ಮೇಲೆ ಡಾಕ್ಟರು ಸಿಗಬೇಕು ಎಂದು ಆ ಮಾರ್ಗಸೂಚಿ ಬರೆದವರಿಗೆ ಹೊಳೆದಿತ್ತು. ಪಕ್ಕದ ಕೇರಳದಲ್ಲಿ ಆರ್ದ್ರಂ ಯೋಜನೆಯಡಿ ಮೇಲ್ದರ್ಜೆಗೇರಿಸಿದ ಕುಟುಂಬ ಆರೋಗ್ಯ ಕೇಂದ್ರಗಳು ಸಂಜೆ 6ರವರೆಗೆ ರೋಗಿಗಳನ್ನು ನೋಡುತ್ತವೆ.

ನಮ್ಮ ಸರ್ಕಾರಕ್ಕೂ ದುಡಿಯುವವರ ಹೊತ್ತು ಗೊತ್ತಿಲ್ಲದೇ ಇಲ್ಲ. 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತಿಂಡಿ, ರಾತ್ರಿ ಕೆಲಸ ಬಿಟ್ಟ ಮೇಲೆ ಊಟ ಸಿಗುವ ಹಾಗೆ ಸಮಯ ಇಟ್ಟರು. 2021ರಲ್ಲಿ ಕೋವಿಡ್ ಲಸಿಕೆಯನ್ನು ಕೆಲಸದ ಜಾಗದಲ್ಲೇ ಹಾಕಲು ಅವಕಾಶ ಕೊಟ್ಟಾಗ ನರ್ಸುಗಳು ಫ್ಯಾಕ್ಟರಿಗಳಿಗೇ ಬಂದರು, ಟೈಲರುಗಳು ಮಿಷನ್ ಬಿಟ್ಟು ಎದ್ದು ಹೋಗಿ ಚುಚ್ಚಿಸಿಕೊಂಡು ಬಂದರು. ಆಗ ಯಾರ ಸಂಬಳವೂ ಕಟ್ ಆಗಲಿಲ್ಲ ಎಂದು ನಮ್ಮ ಅಂಗಡಿಗೆ ಬರುವವರೇ ಹೇಳಿದ್ದಾರೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಉಚಿತ. ಹಾಗಾಗಿ ಆಸ್ಪತ್ರೆಗೆ ಹೋಗಲು ಈಗ ಅಕ್ಕಂದಿರನ್ನು ತಡೆಯುತ್ತಿರುವುದು ಬಸ್ ಚಾರ್ಜು ಅಲ್ಲ, ಆಸ್ಪತ್ರೆಯ ಬಿಲ್ಲೂ ಅಲ್ಲ. ಒಂದು ಹಗಲು ಪೂರ್ತಿ ಹೋಗುತ್ತದೆ, ಅದರ ಕೂಲಿ ಹೋಗುತ್ತದೆ.

ಇಎಸ್‌ಐ ಕೂಡ ಇಲ್ಲದವರ ಕಥೆ ಇನ್ನೂ ಬಿಗಿ. ನಮ್ಮ ಬೀದಿಯ ಮನೆಗೆಲಸದ ಅಮ್ಮಂದಿರಿಗೆ ಇರುವುದು ರೇಷನ್ ಕಾರ್ಡು ಮಾತ್ರ. ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರಿ ದರದ ಶೇ 30 ಮಾತ್ರ ಸರ್ಕಾರದ್ದು, ಉಳಿದದ್ದು ಕೈಯಿಂದ. ಬಿಪಿಎಲ್ ಕಾರ್ಡಿಗೆ ಆದಾಯದ ಮಿತಿ ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ. ತಿಂಗಳಿಗೆ ಹತ್ತು ಸಾವಿರ. ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ವೇತನ ಬೆಂಗಳೂರಿನಲ್ಲಿ ಅದಕ್ಕಿಂತ ಹೆಚ್ಚಿದೆ. ಅಂದರೆ ಕಾನೂನು ಪ್ರಕಾರ ಸಂಬಳ ಪಡೆಯುವ ಒಬ್ಬರು ಮನೆಯಲ್ಲಿದ್ದರೂ ಆ ಮನೆ ಬಡವರ ಪಟ್ಟಿಯಿಂದ ಹೊರಗೆ. 2024ರ ನವೆಂಬರಿನಲ್ಲಿ ಕಾರ್ಡು ರದ್ದಾಗುತ್ತದೆ ಎಂಬ ಸುದ್ದಿ ಎದ್ದಾಗ ನಮ್ಮ ಅಂಗಡಿ ಮುಂದೆ ಜನ ಮಾತ್ರೆಗಿಂತ ಹೆಚ್ಚಾಗಿ ಅದನ್ನೇ ಕೇಳುತ್ತಿದ್ದರು, ನಾನೇನೋ ಆಫೀಸಿನವನು ಎಂಬ ಹಾಗೆ. ಕಾರ್ಡು ಹೋದರೆ ಅಕ್ಕಿ ಹೋಗುತ್ತದೆ ಎಂಬುದಕ್ಕಿಂತ, ಗಂಡನ ಹಾರ್ಟ್ ಆಪರೇಷನ್ ಏನಾಗುತ್ತದೆ ಎಂಬ ಭಯ ಅವರದು. ಈ ಮಿತಿಯನ್ನು ಕನಿಷ್ಠ ವೇತನಕ್ಕೆ ಹೊಂದಿಸಿ, ಇಲ್ಲವೇ ಆಸ್ಪತ್ರೆಯ ಸವಲತ್ತನ್ನು ರೇಷನ್ ಕಾರ್ಡಿನಿಂದ ಬಿಡಿಸಿ. ಇದು ತಮ್ಮ ಇಲಾಖೆಯೊಂದರಿಂದ ಆಗುವುದಲ್ಲ, ಬಲ್ಲೆ. ಆದರೂ ಸಂಪುಟದಲ್ಲಿ ಆರೋಗ್ಯದ ಪರವಾಗಿ ಬಾಯಿ ತೆರೆಯಬೇಕಾದವರು ತಾವೇ.

ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಪತ್ರ ಬೇಕೆಂಬ ರೆಫರಲ್ ಪದ್ಧತಿಯನ್ನೇ ತೆಗೆದುಹಾಕಿ ಎನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಚಿಕಿತ್ಸೆಗೆ ಸರ್ಕಾರದ ದುಡ್ಡು ಖಾಸಗಿಗೆ ಹರಿದರೆ ನಾಳೆ ನಮಗೆ ಸರ್ಕಾರಿ ಆಸ್ಪತ್ರೆಯೇ ಇರುವುದಿಲ್ಲ. ತುರ್ತು ಇದ್ದರೆ ಪತ್ರ ಬೇಡ ಎಂಬ ನಿಯಮವೂ ಇದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ, ನಾನೇ ದಿನಾ ಹೇಳುತ್ತಿರುತ್ತೇನೆ. ನನ್ನ ತಕರಾರು ಇಷ್ಟೇ: ರಕ್ತ ಕೊಡಲು ಒಂದು ದಿನ, ರಿಪೋರ್ಟಿಗೆ ಒಂದು ದಿನ, ತೋರಿಸಲು ಒಂದು ದಿನ ಎಂದು ಬಡವರ ಹಗಲನ್ನು ಹರಿದು ಹಂಚಬೇಡಿ. ಖಾಲಿ ಹೊಟ್ಟೆಯ ರಕ್ತವನ್ನು ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ ಏಳಕ್ಕೇ ತೆಗೆಯಬಹುದು. ರಿಪೋರ್ಟು ಮೊಬೈಲಿಗೆ ಬರಬಹುದು. ಖಾಸಗಿ ಲ್ಯಾಬುಗಳು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿವೆ.

ನಾನು ತಮ್ಮಿಂದ ಕೇಳುವುದು ಹೊಸ ಕಟ್ಟಡವಲ್ಲ. ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಎಲ್ಲೆಲ್ಲಿ ಜನ ಫ್ಯಾಕ್ಟರಿ ಸೈರನ್ನಿಗೆ ಬದುಕುತ್ತಾರೋ ಅಲ್ಲೆಲ್ಲ ನಮ್ಮ ಕ್ಲಿನಿಕ್ ರಾತ್ರಿ ಎಂಟೂವರೆಯವರೆಗೆ ತೆರೆದಿರಲಿ. ಭಾನುವಾರ ಬೆಳಿಗ್ಗೆಯೂ ಇರಲಿ, ಬೇಕಾದರೆ ವಾರದ ನಡುವೆ ಒಂದು ದಿನ ರಜೆ ಕೊಡಿ. ಒಂದೆರಡು ಕಡೆ ಸಮಯ ಬದಲಿಸಿ ಫೋಟೊ ಹಾಕಿಸಿದರೆ ಸಾಲದು. ಹಗಲಿನ ಹೊತ್ತು ಕಿತ್ತುಕೊಳ್ಳಲೂ ಬೇಡಿ, ಬಾಣಂತಿಯರು, ವಯಸ್ಸಾದವರು ಎಲ್ಲಿಗೆ ಹೋಗಬೇಕು? ಎರಡು ಪಾಳಿಯಾಗಲಿ, ಎರಡು ಪಾಳಿಗೆ ಜನ ಕೊಡಿ. ಇರುವ ಒಬ್ಬ ನರ್ಸನ್ನೇ ಹನ್ನೆರಡು ಗಂಟೆ ದುಡಿಸಿದರೆ ಅದು ಇನ್ನೊಂದು ಅನ್ಯಾಯ. ಅವರೂ ಯಾರದೋ ತಾಯಿ, ರಾತ್ರಿ ಮನೆಗೆ ಹೋಗಬೇಕು. ಬೀದಿ ದೀಪ ಇರಲಿ, ಒಬ್ಬ ಗಾರ್ಡ್ ಇರಲಿ, ಸಂಬಳ ತಿಂಗಳ ಮೊದಲ ವಾರಕ್ಕೇ ಆಗಲಿ. ಗುತ್ತಿಗೆಯವರಿಗೆ ಸಂಬಳ ತಡವಾದರೆ ಮೊದಲು ಖಾಲಿಯಾಗುವುದು ಸಂಜೆ ಪಾಳಿಯೇ.

ಶುಗರ್, ಬಿಪಿ ಹಿಡಿತಕ್ಕೆ ಬಂದವರಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ. ಹತ್ತು ದಿನಕ್ಕೊಮ್ಮೆ ಬನ್ನಿ ಎಂದರೆ ಅವರು ಬರುವುದು ನನ್ನ ಕತ್ತರಿಯ ಹತ್ತಿರಕ್ಕೆ.

ಕಾರ್ಮಿಕ ಸಚಿವರು ಇದನ್ನು ಓದುವುದಾದರೆ ಅವರಿಗೂ ಒಂದು ಮಾತು. ರಾಜ್ಯ ನಡೆಸುವ ಇಎಸ್‌ಐ ಡಿಸ್ಪೆನ್ಸರಿಗಳು ಸಂಜೆ ತೆರೆಯಲಿ. ಡಾಕ್ಟರ ಬಳಿ ಹೋದ ದಿನದ ಚೀಟಿ ತೋರಿಸಿದರೆ ಅಟೆಂಡೆನ್ಸ್ ಬೋನಸ್ ಕಿತ್ತುಕೊಳ್ಳಬಾರದು ಎಂದು ಫ್ಯಾಕ್ಟರಿಗಳಿಗೆ ಆದೇಶ ಹೋಗಲಿ. ಮೊದಲ ಎರಡು ದಿನದ ನಿಯಮ ಕೇಂದ್ರದ್ದು. ರಾಜ್ಯದಿಂದ ಒಂದು ಪತ್ರವಾದರೂ ದೆಹಲಿಗೆ ಹೋಗಲಿ.

ಅಕ್ಕ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಟೈಲರ್ ಆಗಿದ್ದವರನ್ನು ಹೆಲ್ಪರ್ ಮಾಡಿದ್ದಾರೆ, ಪೆಡಲ್ ಒತ್ತುವ ಹಿಡಿತ ಮೊದಲಿನ ಹಾಗೆ ಬರುತ್ತಿಲ್ಲ. ಮೊನ್ನೆ ಗುರುವಾರ ರಾತ್ರಿ ಎಂಟು ಗಂಟೆಗೆ ಬಂದಿದ್ದರು. ಹಳೆಯ ಲ್ಯಾಮಿನೇಷನ್ ಚೀಟಿಯ ಬದಲು ಆಸ್ಪತ್ರೆಯ ಹೊಸ ಪುಸ್ತಕ ಕೈಯಲ್ಲಿತ್ತು. ಅದರಲ್ಲಿ ಮುಂದಿನ ತಪಾಸಣೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಎಂದು ಬರೆದಿತ್ತು.

"ಮಂಗಳವಾರ ಹೋಗ್ಲೇಬೇಕಾ ಅಣ್ಣಾ? ಮಾತ್ರೆ ನೀವೇ ಕೊಟ್ಬಿಡ್ತೀರಾ?"

ಹೋಗಲೇಬೇಕು ಅಕ್ಕ, ಎಂದೆ. ಕಾಲು ತೋರಿಸಿ ಬನ್ನಿ ಎಂದೆ. ಅವರು ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡುತ್ತಾ ನಿಂತಿದ್ದು, ಐದು ದಿನಕ್ಕೆ ಮಾತ್ರೆ ತೆಗೆದುಕೊಂಡು ಹೋದರು.

ಇತಿ ತಮ್ಮ ವಿಶ್ವಾಸಿ,
ಹೆಗ್ಗನಹಳ್ಳಿಯ ಒಬ್ಬ ಫಾರ್ಮಸಿಸ್ಟ್